ಬಾಡಿದ ಹೈಡ್ರೇಂಜಿಯಾಗೆ ನೀರು ಸುರಿಯೋದು ನಿಲ್ಲಿಸಿ

1/8

ಮೊದಲು ಆ ಮಗ್ ಕೆಳಗಿಡಿ.

ಹೌದು, ನಿಮಗೇ ಹೇಳ್ತಿರೋದು. ಮಧ್ಯಾಹ್ನ ಎರಡು ಗಂಟೆಗೆ ಬಾಲ್ಕನಿಗೆ ಬಂದು, ಹೈಡ್ರೇಂಜಿಯಾ ಎಲೆಗಳೆಲ್ಲ ಹಿಂಡಿದ ಬಟ್ಟೆ ಥರ ಜೋತು ಬಿದ್ದಿರೋದು ನೋಡಿ, "ಅಯ್ಯೋ ಪಾಪ, ಬಾಯಾರಿದೆ" ಅಂತ ಇನ್ನೊಂದು ಮಗ್ ಸುರಿಯೋಕೆ ಹೊರಟಿದ್ದೀರಲ್ಲ, ನಿಮಗೇ. ನಿಮ್ಮ ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಕುಂಡದಲ್ಲಿರೋ ಎಷ್ಟೋ ಹೈಡ್ರೇಂಜಿಯಾಗಳು ಸಾಯೋದು ಈ ಪ್ರೀತಿಯಿಂದಲೇ.

ಈ ಸರಣಿಯಲ್ಲಿ ಒಂದೇ ವಾದ. ಬಾಡೋದು ಅಂದ್ರೆ ನೀರಿಲ್ಲ ಅಂತ ಅಲ್ಲ. ನೀರು ಎಲೆವರೆಗೂ ಬಂದು ಮುಟ್ಟುತ್ತಿಲ್ಲ ಅಂತ ಅಷ್ಟೇ. ಯಾಕೆ ಮುಟ್ಟುತ್ತಿಲ್ಲ ಅನ್ನೋಕೆ ಕಡೇಪಕ್ಷ ನಾಲ್ಕು ಕಾರಣ ಇವೆ. ಮಣ್ಣು ಒಣಗಿರಬಹುದು. ಬಿಸಿಲಿನ ವೇಗಕ್ಕೆ ಬೇರು ಸಮ ನಿಲ್ಲದೆ ಇರಬಹುದು. ಬೇರೇ ಕೊಳೆತಿರಬಹುದು. ಮಣ್ಣಲ್ಲಿ ಲವಣ ಜಾಸ್ತಿ ಆಗಿರಬಹುದು. ನಾಲ್ಕರಲ್ಲೂ ಎಲೆ ಒಂದೇ ಥರ ಬಾಡತ್ತೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ನಾವು ಮಾತ್ರ ನಾಲ್ಕಕ್ಕೂ ಒಂದೇ ಮಗ್ ಹಿಡ್ಕೊಂಡು ಓಡ್ತೀವಿ.

ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡೋ ಡಾಕ್ಟರ್ ಹತ್ರ ನೀವು ಹೋಗ್ತೀರಾ? ಹೋಗಲ್ಲ. ಹಾಗಾದ್ರೆ ಗಿಡದ ವಿಷಯದಲ್ಲಿ ನೀವೇ ಆ ಡಾಕ್ಟರ್ ಆಗೋದು ಯಾಕೆ?

ಸೇವ್ ಮಾಡಿಕೊಳ್ಳಿ. ಎಂಟು ಪೋಸ್ಟ್ ಇದೆ, ಒಂದೇ ಸಲ ಹಾಕ್ತಿದ್ದೀನಿ.

2/8

"ಹೆಸರಲ್ಲೇ ನೀರಿದೆಯಲ್ಲ, ಹೈಡ್ರೋ ಅಂದ್ರೆ ನೀರು, ಅದಕ್ಕೇ ಜಾಸ್ತಿ ಹಾಕಬೇಕು." ಈ ಮಾತು ಎಷ್ಟು ರೀಲ್‌ಗಳಲ್ಲಿ ಕೇಳಿದ್ದೀರಿ?

ಹೆಸರಿನ ಅರ್ಥ ಪೂರ್ತಿ ಹೇಳ್ತೀನಿ. ಗ್ರೀಕ್‌ನಲ್ಲಿ ಮೊದಲ ಪದ ನೀರು, ಎರಡನೇದು ಪಾತ್ರೆ. ಒಟ್ಟಿಗೆ ನೀರಿನ ಪಾತ್ರೆ. ಈ ಗಿಡದ ಬೀಜದ ಕಾಯಿ ಪುಟ್ಟ ಹೂಜಿ ಆಕಾರದಲ್ಲಿ ಇರತ್ತೆ, ಅದಕ್ಕೆ ಆ ಹೆಸರು. ಬಾಯಾರಿಕೆಗೂ ಹೆಸರಿಗೂ ಸಂಬಂಧ ಇಲ್ಲ. ಇನ್ನೊಂದು ವಿಷಯ: 1753ರಲ್ಲಿ ಲಿನೇಯಸ್ ತನ್ನ ಪುಸ್ತಕದಲ್ಲಿ ಆ ಹೆಸರು ಬಳಸಿದ್ದು ಅಮೆರಿಕದ ಒಂದು ಜಾತಿಗೆ. ನಮ್ಮ ನರ್ಸರಿಗಳಲ್ಲಿ ಸಿಗೋ ಚೆಂಡು ಹೂವಿನ ಜಾತಿಯ ತವರು ಜಪಾನ್.

ಆದರೆ ಇದಕ್ಕೆ ನೀರಿನ ಖರ್ಚು ಜಾಸ್ತಿ ಅನ್ನೋದು ನಿಜ. ಎಲೆ ನೋಡಿ: ಅಂಗೈಯಷ್ಟು ಅಗಲ. ದಾಸವಾಳದ ಎಲೆ ಪಕ್ಕ ಇಟ್ಟು ನೋಡಿದ್ರೆ ಗೊತ್ತಾಗತ್ತೆ. ಮಧ್ಯಾಹ್ನದ ಬಿಸಿಲಿಗೆ, ಒಣ ಗಾಳಿಗೆ ಆ ಎಲೆಯಿಂದ ನೀರು ಆವಿ ಆಗೋ ವೇಗ, ಬೇರು ಮೇಲಕ್ಕೆ ಎಳೆಯೋ ವೇಗಕ್ಕಿಂತ ಜಾಸ್ತಿ ಆಗತ್ತೆ. ಆದಾಯ ಇದೆ, ಆದರೆ ಆ ಎರಡು ಮೂರು ಗಂಟೆ ಖರ್ಚು ಅದನ್ನ ಮೀರತ್ತೆ. ಎಲೆ ಜೋತು ಬೀಳತ್ತೆ. ಸಂಜೆ ಬಿಸಿಲು ಇಳಿದ ಮೇಲೆ ಲೆಕ್ಕ ಸರಿ ಹೋಗತ್ತೆ, ಎಲೆ ತಾನಾಗೇ ಎದ್ದು ನಿಲ್ಲತ್ತೆ.

ಅದಕ್ಕೇ ಗಿಡದ ಆರೋಗ್ಯವನ್ನ ಮಧ್ಯಾಹ್ನ ಎರಡಕ್ಕೆ ಅಳೆಯಬೇಡಿ. ಬೆಳಿಗ್ಗೆ ಆರೂವರೆಗೆ ನೋಡಿ. ರಾತ್ರಿಯೆಲ್ಲಾ ತಂಪಲ್ಲಿದ್ದು, ಬೆಳಿಗ್ಗೆಯೂ ಎಲೆ ಎದ್ದಿಲ್ಲ ಅಂದ್ರೆ ಅದು ನಿಜವಾದ ಕಾಯಿಲೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಾತ್ರ ಬಾಡಿದ್ರೆ ಮಣ್ಣನ್ನ ಬೆರಳಲ್ಲಿ ನೋಡಿ. ಒದ್ದೆ ಇದ್ರೆ ಅದಕ್ಕೆ ಬೇಕಿರೋದು ನೆರಳು, ನೀರಲ್ಲ.

3/8

ಈಗ ಬೆರಳಿನ ವಿಷಯ. ಮೀಟರ್ ಬೇಡ, ಆ್ಯಪ್ ಬೇಡ. ತೋರುಬೆರಳು ಎರಡು ಇಂಚು ಮಣ್ಣೊಳಗೆ ಇಳಿಸಿ. ಮೇಲೆ ಒಣಗಿ, ಒಳಗೆ ತಂಪಾಗಿದ್ರೆ ನೀರು ಬೇಡ. ಒಳಗೂ ಪುಡಿಪುಡಿ ಅಂದ್ರೆ ಬೇಕು. ಜೊತೆಗೆ ಕುಂಡವನ್ನ ಸ್ವಲ್ಪ ಎತ್ತಿ ನೋಡಿ. ನೀರು ಹಾಕಿದ ದಿನ ಎಷ್ಟು ಭಾರ ಇತ್ತು, ಇವತ್ತು ಎಷ್ಟು ಇದೆ? ವಾರದಲ್ಲಿ ನಿಮ್ಮ ಕೈಗೇ ತಕ್ಕಡಿ ಬಂದುಬಿಡತ್ತೆ.

ನಿಜವಾಗಲೂ ಒಣಗಿದೆ ಅಂತ ಇಟ್ಕೊಳ್ಳಿ. ಇಲ್ಲೂ ನಾವು ಮೋಸ ಹೋಗ್ತೀವಿ. ಪೂರ್ತಿ ಒಣಗಿದ ಮಣ್ಣಿನ ಗಡ್ಡೆ ಕುಗ್ಗಿ, ಕುಂಡದ ಗೋಡೆಯಿಂದ ಬಿಟ್ಕೊಂಡಿರತ್ತೆ. ಮೇಲಿಂದ ಸುರಿದ ನೀರು ಆ ಸಂದಿನಲ್ಲಿ ಜಾರಿ, ಕೆಳಗಿನ ತೂತಿಂದ ಸೀದಾ ಆಚೆ. ನೀವು "ಆಹಾ, ಚೆನ್ನಾಗಿ ಇಂಗ್ತು" ಅಂದ್ಕೊಂಡು ಒಳಗೆ ಹೋಗ್ತೀರಿ. ಗಡ್ಡೆಯ ನಡುವೆ ಬೇರು ಒಣಗಿಯೇ ಇರತ್ತೆ.

ಹಾಗಾದಾಗ ಕುಂಡವನ್ನ ಬಕೆಟ್‌ನಲ್ಲಿಡಿ. ಕುಂಡದ ಅರ್ಧದವರೆಗೆ ನೀರು ಬಿಡಿ. ಇಪ್ಪತ್ತು, ಮೂವತ್ತು ನಿಮಿಷ. ಮೇಲ್ಮಣ್ಣು ಒದ್ದೆ ಆಯ್ತು ಅಂದ ತಕ್ಷಣ ಎತ್ತಿ, ಪೂರ್ತಿ ಬಸಿಯೋಕೆ ಬಿಡಿ. ಕುಂಡ ದೊಡ್ಡದು, ಎತ್ತೋಕೆ ಆಗಲ್ಲ ಅಂದ್ರೆ ಒಂದೊಂದೇ ಲೋಟ, ಐದೈದು ನಿಮಿಷ ಬಿಟ್ಟು ಬಿಟ್ಟು ಹಾಕಿ.

ಆಮೇಲೆ ಸಮಯ. ಬೆಳಿಗ್ಗೆ ಬಿಸಿಲೇರೋ ಮುಂಚೆ ಹಾಕಿ. ಹಾಕಿದ್ರೆ ಕೆಳಗಿನ ತೂತಿಂದ ಬರೋವರೆಗೂ ಹಾಕಿ, ಇಲ್ಲಾಂದ್ರೆ ಹಾಕಲೇಬೇಡಿ. ದಿನಾ ಅರ್ಧ ಲೋಟ ಚಿಮುಕಿಸೋದರಿಂದ ಮೇಲಿನ ಒಂದಿಂಚು ಮಾತ್ರ ನೆನೆಯತ್ತೆ, ಕೆಳಗಿನ ಬೇರಿಗೆ ಏನೂ ಸಿಗಲ್ಲ. "ದಿನಾ ಹಾಕ್ತೀನಿ" ಅನ್ನೋದು ಹೆಮ್ಮೆಯ ಮಾತಲ್ಲ. "ನೋಡಿ ಹಾಕ್ತೀನಿ" ಅನ್ನಿ.

4/8

ಇದು ಮುಖ್ಯ ಭಾಗ. ಮಣ್ಣು ಒದ್ದೆ, ಗಿಡ ಬಾಡಿದೆ, ಬೆಳಿಗ್ಗೆಯೂ ಏಳ್ತಿಲ್ಲ. ಕೆಳಗಿನ ಎಲೆಗಳು ಹಳದಿ. ಕುಂಡದ ತೂತಿನ ಹತ್ರ ಮೂಗಿಟ್ರೆ ಚರಂಡಿ ವಾಸನೆ.

ಇದು ಬೇರು ಕೊಳೆತ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ಮಧ್ಯೆ ಇರೋ ಗಾಳಿಯೇ ಅದಕ್ಕೆ ಆಮ್ಲಜನಕ. ಆ ಜಾಗವನ್ನೆಲ್ಲ ನೀರು ತುಂಬಿಕೊಂಡ್ರೆ ಬೇರು ಉಸಿರುಕಟ್ಟಿ ಸಾಯತ್ತೆ, ಆಮೇಲೆ ಪಿಥಿಯಂ, ಫೈಟೋಫ್ತೋರಾ ಥರದ ರೋಗಾಣುಗಳು ಮೇಯ್ತವೆ. ನಮ್ಮ ಮಲೆನಾಡಿನವರಿಗೆ ಫೈಟೋಫ್ತೋರಾ ಹೊಸದೇನಲ್ಲ. ಅಡಿಕೆಗೆ ಕೊಳೆ ರೋಗ ತರೋದು ಅದೇ ಕುಲದ ಒಂದು ಜಾತಿ.

ಸತ್ತ ಬೇರು ನೀರು ಎಳೆಯಲ್ಲ. ಆದ್ದರಿಂದ ನೀರಲ್ಲಿ ಮುಳುಗಿರೋ ಗಿಡ, ನೀರಿಲ್ಲದ ಗಿಡದ ಹಾಗೇ ಬಾಡತ್ತೆ. ನೀವು ನೋಡಿ ಇನ್ನೂ ಒಂದು ಮಗ್ ಹಾಕ್ತೀರಿ. ಮುಗೀತು ಕಥೆ.

ಮಾಡಬೇಕಾದ್ದು: ಗಿಡವನ್ನ ಕುಂಡದಿಂದ ಹೊರಗೆ ತೆಗೀರಿ. ಹೆದರಬೇಡಿ. ಬೆಳ್ಳಗೆ ಗಟ್ಟಿಯಾಗಿರೋ ಬೇರು ಜೀವ ಇರೋದು. ಕಂದಾಗಿ, ಹಿಸುಕಿದ್ರೆ ಸಿಪ್ಪೆ ಜಾರೋದು ಸತ್ತಿದ್ದು. ಶುದ್ಧ ಕತ್ತರಿಯಲ್ಲಿ ಸತ್ತಿದ್ದನ್ನೆಲ್ಲ ಕತ್ತರಿಸಿ. ಉಳಿದ ಬೇರಿಗೆ ಸಾಕಾಗೋ ಚಿಕ್ಕ ಕುಂಡ, ಹೊಸ ಸಡಿಲ ಮಣ್ಣು. ಹೂವಿದ್ರೆ ಮುಲಾಜಿಲ್ಲದೆ ಕತ್ತರಿಸಿ, ಆ ಚೆಂಡು ನೀರಿಗೆ ದೊಡ್ಡ ಖರ್ಚು. ನೆರಳಲ್ಲಿಡಿ. ಹೊಸ ಚಿಗುರು ಕಾಣೋವರೆಗೂ ಗೊಬ್ಬರದ ಹೆಸರೆತ್ತಬೇಡಿ.

ಬೇರು ಪೂರ್ತಿ ಹೋಗಿದೆಯಾ? ಕಾಂಡ ಹಸಿರಿದ್ರೆ ಇನ್ನೂ ಒಂದು ದಾರಿ ಇದೆ. ಹೂವಿಲ್ಲದ ಕೊಂಬೆಯ ನಾಲ್ಕೈದು ಇಂಚು ತುದಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮೇಲಿನ ದೊಡ್ಡ ಎಲೆಗಳನ್ನ ಅರ್ಧಕ್ಕೆ ಕತ್ತರಿಸಿ, ತೇವದ ಕೊಕೊಪೀಟ್‌ನಲ್ಲಿ ನೆಡಿ. ನೆರಳಲ್ಲಿ ಕೆಲವು ವಾರಗಳಲ್ಲಿ ಬೇರು ಬಿಡತ್ತೆ. ಕತ್ತರಿಸಿದ ಎಲೆ, ಕೊಂಬೆಗಳನ್ನ ಬೀದಿ ದನಕ್ಕೆ ಹಾಕಬೇಡಿ. ಈ ಗಿಡ ಪ್ರಾಣಿಗಳಿಗೆ ವಿಷ.

5/8

ಕುಂಡದ ಬಗ್ಗೆ ಜಗಳ ಮಾಡೋಣ.

"ತಳಕ್ಕೆ ಜಲ್ಲಿ ಹಾಕಿದ್ರೆ ನೀರು ಚೆನ್ನಾಗಿ ಬಸಿಯತ್ತೆ." ನಮ್ಮ ಅಜ್ಜಿ, ನಿಮ್ಮ ಅಜ್ಜಿ, ಎಲ್ಲಾ ಮಾಲಿಗಳು, ಎಲ್ಲಾ ರೀಲ್‌ಗಳು ಹೇಳೋ ಮಾತು. ತಪ್ಪು. ನುಣುಪು ಮಣ್ಣಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯಲ್ಲ. ಮಣ್ಣು ಪೂರ್ತಿ ತುಂಬಿ ತುಳುಕೋವರೆಗೂ ನೀರು ಜಲ್ಲಿಯ ಮೇಲೇ ನಿಂತಿರತ್ತೆ. ಅಂದ್ರೆ ಮೂರು ಇಂಚು ಜಲ್ಲಿ ಹಾಕಿ ನೀವು ಮಾಡಿದ್ದು ಏನು? ತಳದಲ್ಲಿ ಇರಬೇಕಿದ್ದ ಕೆಸರನ್ನ ಮೂರು ಇಂಚು ಮೇಲಕ್ಕೆ, ಬೇರಿನ ಹತ್ರಕ್ಕೆ ತಂದಿದ್ದೀರಿ. ಮಣ್ಣು ಸೋರಬಾರದು ಅಂದ್ರೆ ತೂತಿನ ಮೇಲೆ ಒಂದು ಹೆಂಚಿನ ಚೂರು, ಇಲ್ಲಾ ಸೊಳ್ಳೆ ಪರದೆಯ ತುಂಡು ಸಾಕು.

ಬಸಿಯೋಕೆ ಬೇಕಿರೋದು ಮಣ್ಣಿನ ಮಿಶ್ರಣ. ಬರೀ ಕೆಮ್ಮಣ್ಣು ತುಂಬಿದ್ರೆ ಎರಡು ತಿಂಗಳಲ್ಲಿ ಇಟ್ಟಿಗೆ. ಬರೀ ಕೊಕೊಪೀಟ್ ತುಂಬಿದ್ರೆ ಸ್ಪಂಜು. ಕೆಮ್ಮಣ್ಣು, ಕೊಕೊಪೀಟ್, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಹಾಕಿ, ಸಡಿಲಕ್ಕೆ ಒಂದೆರಡು ಹಿಡಿ ಪರ್ಲೈಟ್ ಅಥವಾ ಭತ್ತದ ಹೊಟ್ಟು ಬೆರೆಸಿ.

ಬಣ್ಣ. ಕಪ್ಪು ಪ್ಲಾಸ್ಟಿಕ್ ಕುಂಡ, ಪಶ್ಚಿಮದ ಬಿಸಿಲು, ಕೆಳಗೆ ಕಾದ ಕಾಂಕ್ರೀಟ್. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತು, ಅದೂ ನೆರಳಿನ ಲೆಕ್ಕ. ಆ ಕುಂಡದ ಗೋಡೆಗೆ ಅಂಟಿಕೊಂಡಿರೋ ಬೇರಿನ ಪಾಡು ಯೋಚಿಸಿ. ಕುಂಡವನ್ನ ಎರಡು ಇಟ್ಟಿಗೆ ಮೇಲಿಡಿ, ಬೇರೆ ಗಿಡಗಳ ಗುಂಪಿನ ಮಧ್ಯೆ ಇಡಿ. ಬೆಳಗಿನ ಬಿಸಿಲು ಹತ್ತರವರೆಗೆ ಸಿಕ್ಕರೆ ಸಾಕು, ಆಮೇಲೆ ನೆರಳು ಅಥವಾ ಶೇಡ್ ನೆಟ್.

ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲೋಕೆ ಬಿಡಬೇಡಿ. ಗಿಡಕ್ಕೆ ಕೊಳೆ, ಮನೆಗೆ ಡೆಂಗಿ ಸೊಳ್ಳೆ. ತೂತಿಲ್ಲದ ಚಂದದ ಸೆರಾಮಿಕ್ ಕುಂಡದೊಳಗೆ ನರ್ಸರಿ ಕುಂಡ ಇಳಿಸಿ ಇಟ್ಟವರು ಈಗಲೇ ಹೋಗಿ ಎತ್ತಿ ನೋಡಿ. ಆಮೇಲೆ ಓದಿ.

6/8

ಈಗ ಎಲ್ಲರಿಗೂ ಬೇಜಾರಾಗೋ ವಿಷಯ. ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರು.

"ವೇಸ್ಟ್ ಮಾಡಬೇಡಿ, ಗಿಡಕ್ಕೆ ಹಾಕಿ" ಅಂತ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ದಿನಾ ಮೆಸೇಜ್. ಉದ್ದೇಶ ಒಳ್ಳೇದು, ಲೆಕ್ಕ ತಪ್ಪು. ಮೂರು ಲೀಟರ್ ಬೋರ್‌ವೆಲ್ ನೀರು ಒಳಗೆ ಹೋಗಿ, ಒಂದು ಲೀಟರ್ ಕುಡಿಯೋಕೆ ಬಂತು ಅಂದ್ಕೊಳ್ಳಿ. ಮೂರು ಲೀಟರಿನ ಲವಣ ಹೆಚ್ಚುಕಮ್ಮಿ ಪೂರ್ತಿ ಉಳಿದ ಎರಡು ಲೀಟರಿನಲ್ಲಿ. ಅಂದ್ರೆ ಮೊದಲೇ ಗಡಸಾದ ನೀರು ಈಗ ಒಂದೂವರೆ ಪಟ್ಟು ಗಡಸು. ಅದನ್ನ ತಿಂಗಳುಗಟ್ಟಲೆ ಒಂದೇ ಕುಂಡಕ್ಕೆ ಹಾಕ್ತೀರಿ. ನೀರು ಆವಿ ಆಗತ್ತೆ, ಲವಣ ಅಲ್ಲೇ ಕೂರತ್ತೆ. ಉಪ್ಪು ಬೆರೆಸಿಟ್ಟ ಸೌತೆಕಾಯಿ ನೀರು ಬಿಡತ್ತಲ್ಲ, ಅದೇ ತತ್ವ. ಮಣ್ಣಲ್ಲಿ ಲವಣ ಏರಿದಷ್ಟೂ ಬೇರಿಗೆ ನೀರು ಎಳೆಯೋದು ಕಷ್ಟ.

ಗುರುತು: ಮೇಲ್ಮಣ್ಣಿನ ಮೇಲೆ, ಕುಂಡದ ಅಂಚಲ್ಲಿ ಬಿಳಿ ಪುಡಿ. ಎಲೆಯ ಅಂಚು ಸುಟ್ಟ ಹಾಗೆ ಕಂದು. ನರ ಹಸಿರಾಗಿ ಉಳಿದು ಮಧ್ಯದ ಭಾಗ ಹಳದಿ ಆದ್ರೆ ಗಡಸು ನೀರಿಂದ ಮಣ್ಣು ಕ್ಷಾರ ಆಗಿ, ಕಬ್ಬಿಣ ಸಿಗ್ತಿಲ್ಲ ಅಂತ. ಹೊಸ ಸಿಮೆಂಟ್ ಕುಂಡದ ಸುಣ್ಣದಿಂದಲೂ ಇದೇ ತೊಂದರೆ. ಮದ್ದು ಸರಳ: ಮಳೆ ನೀರನ್ನೋ ಕಾವೇರಿ ನೀರನ್ನೋ ಕುಂಡದ ಮೂಲಕ ಎರಡು ಮೂರು ಸಲ ಹರಿಸಿ, ಲವಣ ತೊಳೆದುಹೋಗಲಿ. ಆರ್‌ಓ ನೀರಲ್ಲಿ ನೆಲ ಒರೆಸಿ, ಬಚ್ಚಲು ತೊಳೀರಿ. ಗಿಡಕ್ಕೆ ಅಕ್ಕಚ್ಚು ಹಾಕಿ, ತರಕಾರಿ ತೊಳೆದ ನೀರು ಹಾಕಿ. ಉಪ್ಪು ಸೇರಿರಬಾರದು ಅಷ್ಟೇ.

ಇನ್ನು ರೀಲ್ ವೈದ್ಯರು. ಬಾಡಿದ ಗಿಡಕ್ಕೆ ಎಪ್ಸಮ್ ಸಾಲ್ಟ್, ಡಿಎಪಿ, ಕಾಫಿ ಚರಟ, ತುಕ್ಕು ಮೊಳೆ! ಎಪ್ಸಮ್ ಸಾಲ್ಟ್, ಡಿಎಪಿ ಎರಡೂ ಲವಣವೇ. ಬೇರಿಗೆ ನೀರೆಳೆಯೋಕೆ ಆಗದೆ ಇರುವಾಗ ಇನ್ನೂ ಲವಣ ಹಾಕೋದು ಯಾವ ಊರಿನ ಚಿಕಿತ್ಸೆ? ಮೊಳೆ ಹೂತರೆ ಹೂವು ನೀಲಿ ಆಗತ್ತಂತೆ. ನೀಲಿ ಬರೋದು ಅಲ್ಯೂಮಿನಿಯಂನಿಂದ. ಹುಳಿ ಮಣ್ಣಲ್ಲಿ ಅದು ಕರಗಿ ಬೇರಿಗೆ ಸಿಗತ್ತೆ, ಕ್ಷಾರ ಮಣ್ಣಲ್ಲಿ ಸಿಗದೆ ಹೂವು ಗುಲಾಬಿ ಆಗತ್ತೆ. ಮೊಳೆಯಲ್ಲಿ ಇರೋದು ಕಬ್ಬಿಣ. ಮೂವತ್ತು ಸೆಕೆಂಡಿನ ವಿಡಿಯೋಗೆ ಇಷ್ಟು ತಿಳ್ಕೊಳ್ಳೋ ಪುರುಸೊತ್ತು ಇರಲ್ವಾ?

7/8

ಮಾರುವವರನ್ನ ಬಿಟ್ಟರೆ ಈ ಲೆಕ್ಕ ಪೂರ್ತಿ ಆಗಲ್ಲ.

ಹೈಡ್ರೇಂಜಿಯಾ ನೋಡಬೇಕು ಅಂದ್ರೆ ಮಡಿಕೇರಿ, ಚಿಕ್ಕಮಗಳೂರು ಕಡೆ ಹೋಗಿ. ಮನೆ ಮುಂದೆ, ಎಸ್ಟೇಟ್ ಬಂಗಲೆ ಪಕ್ಕ ಬೇಲಿ ಥರ ಬೆಳೆದಿರತ್ತೆ. ತಂಪು, ಮರದ ನೆರಳು, ಹುಳಿ ಮಣ್ಣು, ಇಳಿಜಾರಲ್ಲಿ ಹರಿದು ಹೋಗೋ ಮಳೆ. ಅಲ್ಲಿ ಯಾರೂ ಮೊಳೆ ಹೂಳಲ್ಲ.

ಅದೇ ಗಿಡವನ್ನ ನೆರಳುಮನೆಯಲ್ಲಿ ಬೆಳೆಸಿ, ಗೊಬ್ಬರ ಕೊಟ್ಟು ಹೂ ಬಿಡಿಸಿ, ಆರಿಂಚು ಕುಂಡದಲ್ಲಿ ಬೇರು ಸುತ್ತಿ ಸುತ್ತಿ ಹೆಣೆದುಕೊಂಡಿರೋ ಹಾಗೇ ನಗರಕ್ಕೆ ತರ್ತಾರೆ. ಜನವರಿಯ ಫ್ಲವರ್ ಶೋ ಗುಂಗಿನಲ್ಲಿ ನಾವು ಕೊಳ್ತೀವಿ. ಮಾರ್ಚ್ ಬಂತು, ಬಿಸಿಲು ಬಂತು, ಗಿಡ ಹೋಯ್ತು. ಮುಂದಿನ ಜನವರಿಗೆ ಇನ್ನೊಂದು. ಮಾರುವವರು "ದಿನಾ ನೀರು ಹಾಕಿ ಮೇಡಂ" ಅನ್ನೋ ಒಂದೇ ವಾಕ್ಯ ಹೇಳಿ ಕಳಿಸ್ತಾರೆ. ಎಷ್ಟು ಬಿಸಿಲು, ಯಾವ ನೀರು, ಯಾವಾಗ ಕುಂಡ ಬದಲಿಸಬೇಕು, ಏನೂ ಇಲ್ಲ. ಮೊಬೈಲ್ ಚಾರ್ಜರ್ ಜೊತೆಗಾದ್ರೂ ಒಂದು ಚೀಟಿ ಬರತ್ತೆ.

ನೀವು ಗ್ರಾಹಕರು, ಕೇಳೋದು ನಿಮ್ಮ ಹಕ್ಕು. ಮೂರು ಪ್ರಶ್ನೆ ಸಾಕು. ಒಂದು, ಇದು ಎಲ್ಲಿಂದ ಬಂತು, ಇಲ್ಲಿಗೆ ಬಂದು ಎಷ್ಟು ದಿನ ಆಯ್ತು? ಎರಡು, ನರ್ಸರಿಯಲ್ಲಿ ಬಿಸಿಲಲ್ಲಿತ್ತಾ, ನೆಟ್ ಕೆಳಗಿತ್ತಾ? ಮೂರು, ಕುಂಡ ಎತ್ತಿ ಕೆಳಗೆ ನೋಡಬಹುದಾ? ಬೇರು ತೂತಿಂದ ಹೊರಗೆ ಇಣುಕ್ತಿದ್ರೆ, ಹೂವು ಮುಗಿದ ಮೇಲೆ 12 ಇಂಚಿನ ಕುಂಡಕ್ಕೆ ಬದಲಿಸಬೇಕು ಅಂತ ಲೆಕ್ಕಕ್ಕೆ ಸೇರಿಸಿಕೊಂಡು ಕೊಳ್ಳಿ. ಸಾಧ್ಯವಾದ್ರೆ ಕೊಳ್ಳೋದನ್ನೇ ಮಳೆಗಾಲಕ್ಕೆ ಮುಂದೂಡಿ. ಜೂನ್ ತಂಪಲ್ಲಿ ಗಿಡ ಜಾಗಕ್ಕೆ ಹೊಂದಿಕೊಳ್ಳೋಕೆ ತಿಂಗಳುಗಟ್ಟಲೆ ಸಿಗತ್ತೆ.

ಕೆಲವರು ಕೇಳ್ತಾರೆ, "ಬೆಂಗಳೂರಿಗೆ ಈ ಗಿಡವೇ ಯಾಕೆ?" ನ್ಯಾಯವಾದ ಪ್ರಶ್ನೆ. ನಿಮ್ಮದು ಬರೀ ಪಶ್ಚಿಮದ ಬಾಲ್ಕನಿ, ನೆರಳೇ ಇಲ್ಲದ ತಾರಸಿ ಆದ್ರೆ ನನ್ನ ಉತ್ತರವೂ ಅದೇ: ಕೊಳ್ಳಬೇಡಿ. ದಾಸವಾಳ ಇದೆ, ಕಾಗದದ ಹೂವಿದೆ. ಪೂರ್ವದ ಬೆಳಕು, ಮಧ್ಯಾಹ್ನದ ನೆರಳು ಇರೋರು ಮಾತ್ರ ಧೈರ್ಯವಾಗಿ ಇಟ್ಕೊಳ್ಳಿ.

8/8

ಒಂದು ಗಿಡಕ್ಕೆ ಎಂಟು ಪೋಸ್ಟ್ ಯಾಕೆ ಅಂತ ಕೇಳಬಹುದು.

ಒಂದು, ನೀರು. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರನ್ನ ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತು. ಟ್ಯಾಂಕರ್‌ಗೆ ಕಾದು ಕೂತ ಬೀದಿಗಳನ್ನ ನಾವೆಲ್ಲ ನೋಡಿದ್ದೀವಿ. ಅಂಥ ಊರಲ್ಲಿ, ಬೇಡವಾದ ಗಿಡಕ್ಕೆ ಬೇಡವಾದ ಹೊತ್ತಲ್ಲಿ ನೀರು ಸುರಿದು ಅದನ್ನ ಕೊಲ್ಲೋದು ಎರಡು ಕಡೆಯಿಂದಲೂ ನಷ್ಟ.

ಎರಡು, ಬೈಗುಳ. ಗಿಡ ಬಾಡಿದ ಮನೆಗಳಲ್ಲಿ ಮೊದಲು ಬೈಸಿಕೊಳ್ಳೋದು ಯಾರು? ಮನೆಕೆಲಸಕ್ಕೆ ಬರೋ ಅಕ್ಕ, ಅಥವಾ ಅಪಾರ್ಟ್‌ಮೆಂಟ್ ಮಾಲಿ. "ನೀರು ಹಾಕಿಲ್ವಾ?" ಅವರು ಹಾಕಿರ್ತಾರೆ. ಬೈಗುಳಕ್ಕೆ ಹೆದರಿ ನಾಳೆ ಎರಡು ಪಟ್ಟು ಹಾಕ್ತಾರೆ. ಗಿಡ ಸಾಯತ್ತೆ, ಇನ್ನೊಂದು ಸಲ ಬೈಸಿಕೊಳ್ತಾರೆ. ಎರಡಿಂಚು ಬೆರಳು ಇಳಿಸಿ ನೋಡೋಕೆ ನಮಗೆ ಸೋಮಾರಿತನ, ಶಿಕ್ಷೆ ಅವರಿಗೆ. ಇದು ಗಿಡದ ಸಮಸ್ಯೆ ಅಂತೀರಾ?

ಮೂರು, ಕೈಗುಣ. "ನನ್ನ ಕೈಗುಣ ಸರಿ ಇಲ್ಲ, ಏನು ನೆಟ್ರೂ ಬರಲ್ಲ" ಅಂತ ಎಷ್ಟು ಜನ ಅಮ್ಮಂದಿರು ಕೈಚೆಲ್ಲಿ ಕೂತಿದ್ದಾರೆ. ಆ ಪದವನ್ನ ದಯವಿಟ್ಟು ಬಿಡಿ. ಗಿಡ ಚೆನ್ನಾಗಿ ಬೆಳೆಸೋರನ್ನ ಹತ್ತಿರದಿಂದ ಗಮನಿಸಿ. ಅವರು ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಒಂದೊಂದು ಕುಂಡದ ಮುಂದೆ ನಿಂತು ನೋಡ್ತಾರೆ, ಮಣ್ಣು ಮುಟ್ತಾರೆ, ಎಲೆ ತಿರುಗಿಸ್ತಾರೆ, ಎಷ್ಟೋ ದಿನ ಏನೂ ಮಾಡದೆ ಒಳಗೆ ಹೋಗ್ತಾರೆ. ನಾವು ಕೈಗುಣ ಅಂತ ಕರೆಯೋದು ಈ ಕಣ್ಣಿನ ಕೆಲಸವನ್ನ. ಇದನ್ನ ಯಾರು ಬೇಕಾದ್ರೂ ಕಲೀಬಹುದು.

ನಾಳೆ ಬೆಳಿಗ್ಗೆ ಆರೂವರೆಗೆ ಗಿಡದ ಮುಂದೆ ನಿಲ್ಲಿ. ಎಲೆ ಎದ್ದಿದೆಯಾ? ಮಣ್ಣು ಒಳಗೆ ಒದ್ದೆಯಾ, ಒಣವಾ? ಅಂಚಲ್ಲಿ ಬಿಳಿ ಪುಡಿ ಇದೆಯಾ? ತೂತಿಂದ ವಾಸನೆ ಬರ್ತಿದೆಯಾ? ಈ ನಾಲ್ಕಕ್ಕೆ ಉತ್ತರ ಬರೆದು, ಫೋಟೋ ಜೊತೆ ಕಳಿಸಿ. ಖಂಡಿತ ಉತ್ತರಿಸ್ತೀನಿ. "ಬಾಡಿದೆ, ಏನು ಹಾಕಲಿ?" ಅಂತ ಮಾತ್ರ ಕಳಿಸಬೇಡಿ. ಹಾಕೋದನ್ನ ಆಮೇಲೆ ನೋಡೋಣ, ಮೊದಲು ಗಿಡ ನೋಡಿ.

#ಕೈತೋಟ #ಹೈಡ್ರೇಂಜಿಯಾ #ತಾರಸಿತೋಟ #ಬೆರಳಿಳಿಸಿನೋಡಿ #ಕನ್ನಡ